ಪರ-ವಿರೋಧ: ಎಂಜಿನಿಯರಿಂಗ್ ಕಲಿಯಲು ಕಾಲೇಜಿಗಿಂತ ಅಪ್ರೆಂಟಿಸ್‌ಶಿಪ್ ಮೇಲೇ?

ಪರ

ತೂತಿನೊಳಗೆ ಬೋಲ್ಟ್ ಕೂರುವ ಸುರುಳಿ ಗೆರೆ ಕೊರೆಯುವ ಟ್ಯಾಪ್, ಮುರಿಯುವ ಮುಂಚೆ ಕೈಗೆ ಒಂದು ಸುಳಿವು ಕೊಡುತ್ತದೆ. 5 ಮಿಲಿಮೀಟರ್ ತೂತು ಕೊರೆದು, ಎಣ್ಣೆ ಬಿಟ್ಟು, ಎಂ6 (6 ಮಿಲಿಮೀಟರ್ ಬೋಲ್ಟಿನ) ಟ್ಯಾಪ್ ಇಳಿಸುತ್ತಿದ್ದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಒಳಗಿನ ಲೋಹದ ಸುರುಳಿ ತುಂಡಾಗುತ್ತದೆ. ಒಂದು ಹಂತದಲ್ಲಿ ಹಿಡಿಕೆ ರಬ್ಬರಿನ ಹಾಗೆ ಎಳೆಯತೊಡಗಿತು. ತಿರುಗುತ್ತಿದೆ ಅನ್ನಿಸಿತು, ನಿಜವಾಗಿ ಟ್ಯಾಪ್ ಕೊರೆಯುತ್ತಿರಲಿಲ್ಲ, ತಾನೇ ತಿರುಚಿಕೊಳ್ಳುತ್ತಿತ್ತು. ಅಲ್ಲಿ ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮುರಿದ ತುಂಡು ತೆಗೆಯುವುದರಲ್ಲಿ ಇಡೀ ಮಧ್ಯಾಹ್ನ ಹೋಯಿತು. ಆ ರಬ್ಬರಿನ ಎಳೆತವನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಕಾಲೇಜಿನಿಂದ ನೇರ ಡಿಸೈನ್ ವಿಭಾಗಕ್ಕೆ ಬಂದವರ ಡ್ರಾಯಿಂಗ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಲೋಹದ ಬ್ಲಾಕಿನೊಳಗೆ ಚೌಕಾಕಾರದ ಗುಳಿ, ನಾಲ್ಕೂ ಮೂಲೆ ಚೂಪು. ಕಂಪ್ಯೂಟರಿನಲ್ಲಿ ಸೊಗಸಾಗಿಯೇ ಕಾಣುತ್ತದೆ. ಆದರೆ ಮಿಲ್ಲಿಂಗ್ ಕಟರ್ ತಿರುಗುತ್ತಾ ಕೊರೆಯುತ್ತದೆ ಅಲ್ವಾ? ಅದು ಸಾಗಿದ ಮೂಲೆ ದುಂಡಗೇ ಆಗುತ್ತದೆ. ಚೂಪೇ ಬೇಕೆಂದರೆ ಇನ್ನೊಂದು ಮೆಷಿನ್, ಇನ್ನಷ್ಟು ಖರ್ಚು. ಒಂದು ತಿಂಗಳು ಮಿಲ್ಲಿಂಗ್ ಮೆಷಿನ್ ಮುಂದೆ ನಿಂತವಳು ಕಾರಣವಿಲ್ಲದೆ ಅಂಥ ಮೂಲೆ ಬರೆಯುವುದಿಲ್ಲ.

ಓದು ಬೇಡ ಅಂತ ಯಾರೂ ಹೇಳುತ್ತಿಲ್ಲ. ಜರ್ಮನಿಯಲ್ಲಿ ಮೆಕಟ್ರಾನಿಕ್ಸ್ (ಯಂತ್ರ, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ಕೆಲಸ) ಕಲಿಯುವವರು ಮೂರೂವರೆ ವರ್ಷ ಕಂಪನಿಯಲ್ಲೂ ವೃತ್ತಿಶಾಲೆಯಲ್ಲೂ ಕಲಿಯುತ್ತಾರೆ. ಮೊದಲ ತಿಂಗಳಿಂದಲೇ ಸಂಬಳ. ಸಾಲ ಮಾಡಿ ಡಿಗ್ರಿ ಮುಗಿಸಿ ಕೆಲಸ ಹುಡುಕುವವರ ಮುಂದೆ ಇದು ಸಣ್ಣ ಮಾತಲ್ಲ.

ಇನ್ನು ಕಣ್ಣಿನ ವಿಷಯ. 1907ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಸೇತುವೆ ಕಟ್ಟುತ್ತಿದ್ದರು. ಭಾರ ಹೊರುವ ಕೆಳಗಿನ ತೊಲೆಗಳು ಬಾಗುತ್ತಿರುವುದು ಆಗಸ್ಟ್‌ನಲ್ಲೇ ಸೈಟಿನವರಿಗೆ ಕಂಡಿತ್ತು. ಮೊದಲೇ ಬಾಗಿದ್ದವೋ, ಈಗ ಬಾಗುತ್ತಿವೆಯೋ ಅಂತ ವಾದ ನಡೆಯಿತು. ಕೊನೆಯ ಮಾತು ಹೇಳಬೇಕಾದ ಸಲಹೆಗಾರ ಎಂಜಿನಿಯರ್ ಥಿಯೋಡರ್ ಕೂಪರ್ ನ್ಯೂಯಾರ್ಕ್‌ನಲ್ಲಿದ್ದರು. ಆಗಸ್ಟ್ 29ರ ಸಂಜೆ ಸೇತುವೆ ಕುಸಿದು 75 ಕೆಲಸಗಾರರು ಸತ್ತರು. ಉಕ್ಕಿನ ಪಕ್ಕ ನಿಂತವರ ಕಣ್ಣಿಗೆ ಅಷ್ಟು ದೂರದ ಟೇಬಲ್ಲಿಗಿಂತ ಜಾಸ್ತಿ ಬೆಲೆ ಸಿಗಬೇಕಿತ್ತು.

ವಿರೋಧ

ಕ್ವಿಬೆಕ್ ಕಥೆಯನ್ನು ಆಗಸ್ಟ್‌ನಿಂದ ಶುರು ಮಾಡಿದರೆ ಹೀಗೇ ಕಾಣುತ್ತದೆ. ಸ್ವಲ್ಪ ಹಿಂದಿನಿಂದ ಹೇಳೋಣ. ಆ ಸೇತುವೆಯ ನಡುವಿನ ಎರಡು ಕಂಬಗಳ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದ್ದರು. ಉದ್ದ ಹೆಚ್ಚಾದರೆ ಉಕ್ಕು ಹೆಚ್ಚು, ಸೇತುವೆಯ ಸ್ವಂತ ತೂಕವೂ ಹೆಚ್ಚು. ಆ ತೂಕದ ಲೆಕ್ಕವನ್ನು ಸಮಯಕ್ಕೆ ಸರಿಯಾಗಿ ಮತ್ತೆ ಮಾಡಲೇ ಇಲ್ಲ. ಸೈಟಿನವರು ಕಂಡ ಬಾಗು ನಿಜ. ಆದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಸಾವಿರಾರು ಟನ್ ಉಕ್ಕು ನದಿಯ ಮೇಲೆ ನಿಂತಾಗಿತ್ತು. ತಪ್ಪಾದದ್ದು ಕಾಗದದಲ್ಲಿ. ಹಿಡಿಯಬೇಕಾದದ್ದೂ ಅಲ್ಲೇ.

ಕೈಗೆ ಸಿಗದ ಸಂಗತಿಗಳು ಎಂಜಿನಿಯರಿಂಗ್‌ನಲ್ಲಿ ತುಂಬಾ ಇವೆ. ರೈಲಿನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ದಂಡ, ನೋಡಿ. ತೂಕಕ್ಕೆ ಅದು ಕೂದಲೆಳೆಯಷ್ಟು ಬಾಗುತ್ತದೆ. ಪ್ರತಿ ಸುತ್ತಿಗೂ ಅದರ ಮೈಯ ಒಂದೇ ಜಾಗ ಒಮ್ಮೆ ಎಳೆಯಲ್ಪಡುತ್ತದೆ, ಒಮ್ಮೆ ಒತ್ತಲ್ಪಡುತ್ತದೆ. ಒಂದು ಸಲಕ್ಕೆ ಏನೂ ಆಗದ ಭಾರವೇ ಲಕ್ಷಾಂತರ ಸಲ ಬಿದ್ದರೆ ಬಿರುಕು ಹುಟ್ಟಿಸುತ್ತದೆ. ಸವರಿದರೆ ನುಣುಪು, ತಟ್ಟಿದರೆ ಗಟ್ಟಿ, ಒಂದು ದಿನ ಪಟ್ ಅಂತ ಎರಡು ತುಂಡು. 19ನೇ ಶತಮಾನದಲ್ಲಿ ಪ್ರಷ್ಯಾದ ರೈಲ್ವೆಯ ಔಗುಸ್ಟ್ ವ್ಯೋಲರ್ ಆಕ್ಸಲ್‌ಗಳನ್ನು ವರ್ಷಗಟ್ಟಲೆ ತಿರುಗಿಸಿ, ಎಷ್ಟು ಭಾರಕ್ಕೆ ಎಷ್ಟು ಸುತ್ತು ತಡೆಯುತ್ತದೆ ಅಂತ ಲೆಕ್ಕ ಇಟ್ಟರು. ಆ ಲೆಕ್ಕ ಓದಲು ಬರದವರಿಗೆ ಕೈ ಎಷ್ಟು ಪಳಗಿದ್ದರೂ ಆಕ್ಸಲ್ ಏನೂ ಹೇಳುವುದಿಲ್ಲ.

ಕಂಪನಿ ಒಳ್ಳೆಯದಾಗಿದ್ದರೆ ಅಪ್ರೆಂಟಿಸ್‌ಶಿಪ್ ಒಳ್ಳೆಯದು. ಇಲ್ಲದಿದ್ದರೆ ಎರಡು ವರ್ಷ ಲೇತ್ ಕೆಳಗಿನ ಚೂರು ಗುಡಿಸಿ, ಒಂದೇ ಭಾಗವನ್ನು ಸಾವಿರ ಸಲ ಮಾಡಿ, ಅದಕ್ಕೇ ಅನುಭವ ಅಂತ ಹೆಸರಿಡಬೇಕು. ಆ ಮೆಷಿನ್ ಹಳೆಯದಾದ ದಿನ ಅನುಭವವೂ ಹಳೆಯದಾಗುತ್ತದೆ. ಸಂಬಳದ ಮಾತು ಒಪ್ಪುತ್ತೇನೆ. ಮನೆಯಲ್ಲಿ ಇವತ್ತೇ ದುಡ್ಡು ಬೇಕಿದ್ದರೆ ನನ್ನ ವಾದವನ್ನು ಪಕ್ಕಕ್ಕಿಡಿ.

ಉಳಿದವರಿಗೆ ನಾನು ಹೇಳುವುದು ಯಾವುದನ್ನು ಮೊದಲು ಕಲಿಯಬೇಕು ಅನ್ನುವುದನ್ನಷ್ಟೇ. ಟ್ಯಾಪ್ ಹಾಕುವುದನ್ನು ನಾನು ಕಲಿತದ್ದು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬ ಫಿಟ್ಟರ್ ಹತ್ತಿರ. ನಾನೂ ಎರಡು ಮುರಿದೆ. ಮೂರು ವಾರದಲ್ಲಿ ಕೈ ಕೂತಿತು. ಅದೇ ಫಿಟ್ಟರ್ ಈಗ ಡಿಗ್ರಿ ಮಾಡಬೇಕೆಂದು ಸಂಜೆ ಹೊತ್ತು ನನ್ನ ಹತ್ತಿರ ಕ್ಯಾಲ್ಕುಲಸ್ ಹೇಳಿಸಿಕೊಳ್ಳುತ್ತಾರೆ. ನನಗಿಂತ ಚುರುಕು. ಆದರೂ ಶುರು ಮಾಡಿ ಎರಡು ವರ್ಷವಾಯಿತು, ಇನ್ನೂ ಇಂಟಿಗ್ರೇಷನ್ ಮುಟ್ಟಿಲ್ಲ. ಈ ತಿಂಗಳು ಮತ್ತೆ ನೈಟ್ ಶಿಫ್ಟ್ ಬಂದಿದೆ.