ಶಿಲ್ಲಿಂಗ್ ತಿನ್ನುವ ಟಿವಿ

1966ರ ನವೆಂಬರ್. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜವಳಿ ತಂತ್ರಜ್ಞಾನ ಓದುತ್ತಿದ್ದೆ. ಒಂದು ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯೊಡತಿ, ಅವರ ಯಜಮಾನರು, ಎಂಟು ವರ್ಷದ ಮಗ, ಮತ್ತೆ ಟಿವಿ. "ಇಲ್ಲಿ ಮನೆಯೊಳಗೇ ಸಿನಿಮಾ ಬರುತ್ತೆ" ಅಂತ ಊರಿಗೆ ಕಾಗದ ಹಾಕಿದೆ. "ಹಾಗಾದರೆ ಓದೋದು ಯಾವಾಗ?" ಅಂತ ಅಮ್ಮನ ಉತ್ತರ ಬಂತು. ಅಮ್ಮ ಸುಮ್ನೆ ಹೆದರಿದ್ದಳು. ಆ ಟಿವಿಯಲ್ಲಿ ದಿನದ ಬಹುಪಾಲು ಏನೂ ಬರುತ್ತಿರಲಿಲ್ಲ.

ನಮಗೆ ಸಿಗುತ್ತಿದ್ದುದು ಬಿಬಿಸಿ 1 ಮತ್ತು ಐಟಿವಿ, ಎರಡೇ ಚಾನೆಲ್. ಬಿಬಿಸಿ 2 ಎರಡು ವರ್ಷದ ಹಿಂದೆಯೇ ಶುರುವಾಗಿತ್ತು. ಆದರೆ ಟಿವಿ ಚಿತ್ರ ಮೂಡುವುದು ಅಡ್ಡ ಗೆರೆಗಳಿಂದ, ಅದರದು 625 ಗೆರೆಯ ಚಿತ್ರ. ನಮ್ಮ ಮುದಿ ಸೆಟ್ಟಿಗೆ ಗೊತ್ತಿದ್ದುದು 405 ಗೆರೆ ಮಾತ್ರ. 1964ರ ಏಪ್ರಿಲ್ 20ರಂದು, ಆ ಚಾನೆಲ್ಲಿನ ಉದ್ಘಾಟನೆಯ ರಾತ್ರಿಯೇ, ಲಂಡನ್ನಿನಲ್ಲಿ ಕರೆಂಟು ಹೋಗಿ ಕಾರ್ಯಕ್ರಮವೆಲ್ಲ ಮರುದಿನಕ್ಕೆ ಬಿತ್ತಂತೆ. ಕೇಳಿ ನನಗೆ ಊರು ನೆನಪಾಯಿತು. ಇನ್ನು ಎಷ್ಟು ಗಂಟೆ ಕಾರ್ಯಕ್ರಮ ತೋರಿಸಬಹುದು ಅನ್ನೋದಕ್ಕೂ ಸರ್ಕಾರದ ಮಿತಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಪೋಸ್ಟ್‌ಮಾಸ್ಟರ್ ಜನರಲ್. ಹೌದು, ಅಂಚೆ ಖಾತೆಯ ಮಂತ್ರಿಯೇ!

ಶನಿವಾರ ಬೆಳಗ್ಗೆ ಟಿವಿ ಹಾಕಿದರೆ ಟೆಸ್ಟ್ ಕಾರ್ಡ್. ಒಂದು ವೃತ್ತ, ಒಂದಿಷ್ಟು ಗೆರೆ, ಹಿಂದೆ ಹಿತವಾದ ವಾದ್ಯಸಂಗೀತ. ಅಂಗಡಿಯವರು, ರಿಪೇರಿಯವರು ಸೆಟ್ ಸರಿಮಾಡಿಕೊಳ್ಳಲಿ ಅಂತ ಅದನ್ನು ಹಾಕುತ್ತಿದ್ದರು. ಮನೆಯೊಡತಿ ಅದೇ ಸಂಗೀತಕ್ಕೆ ಧೂಳು ಹೊಡೆಯುತ್ತಿದ್ದರು. ಹುಡುಗ ಅದರ ಮುಂದೆ ಕೂತು ಬ್ರೆಡ್ಡು ತಿನ್ನುತ್ತಿದ್ದ, ಇನ್ನೇನು ಕಥೆ ಶುರುವಾಗುತ್ತೆ ಅನ್ನೋ ಹಾಗೆ.

ಮಧ್ಯಾಹ್ನದಿಂದ ಆಟೋಟ. ನಾಲ್ಕು ಗಂಟೆಗೆ ಐಟಿವಿಯಲ್ಲಿ ಕುಸ್ತಿ. ನಮ್ಮ ಮನೆಯೊಡತಿ ನೊಣ ಬಂದರೂ ಕಿಟಕಿ ತೆಗೆದು ಮರ್ಯಾದೆಯಿಂದ ಕಳಿಸುವ ಜೀವ. ಮಿಕ್ ಮ್ಯಾಕ್‌ಮ್ಯಾನಸ್ ಅನ್ನೋ ಕುಸ್ತಿಪಟು ಬಂದರೆ ಮಾತ್ರ ಅವರ ಮುಖ ಕೆಂಪಾಗುತ್ತಿತ್ತು. ಆತ ರೆಫರಿಯ ಕಣ್ಣು ತಪ್ಪಿಸಿ ಮೋಸ ಮಾಡುವುದರಲ್ಲಿ ನಿಸ್ಸೀಮ. ಹೆಣೆಯುತ್ತಿದ್ದ ಸ್ವೆಟರಿನಿಂದ ಕಡ್ಡಿ ಎಳೆದು ಪರದೆಯತ್ತ ಚುಚ್ಚುತ್ತಾ, "ಹಿಂದೆ ನೋಡೋ, ಹಿಂದೆ!" ಅಂತ ರೆಫರಿಗೆ ಕೂಗುತ್ತಿದ್ದರು. ಹೊಲಿಗೆ ಬಿಟ್ಟುಹೋದ ಆ ಸ್ವೆಟರ್ ಚಳಿಗಾಲ ಮುಗಿದರೂ ಮುಗಿಯಲಿಲ್ಲ.

ನನಗೆ ಕುಸ್ತಿ ಪೂರ್ತಿ ಕಾಣಿಸುತ್ತಿರಲಿಲ್ಲ. ಉದ್ದಕ್ಕಿದ್ದೇನೆ ಅನ್ನೋ ಒಂದೇ ಕಾರಣಕ್ಕೆ ಏರಿಯಲ್ (ಆಂಟೆನಾ) ಹಿಡಿಯುವ ಕೆಲಸ ನನ್ನದು. ನಾನು ಕಿಟಕಿ ಪಕ್ಕ ಕೈ ಎತ್ತಿ ನಿಂತರೆ ಚಿತ್ರ ಸರಿ. ಬಂದು ಕೂತರೆ ಕುಸ್ತಿಪಟುಗಳು ಒಬ್ಬೊಬ್ಬರೂ ಮೂವರಾಗುತ್ತಿದ್ದರು. ಎಂಬತ್ತರ ದಶಕದಲ್ಲಿ ಬೆಂಗಳೂರಿನ ತಾರಸಿಗಳ ಮೇಲೆ "ಬಂತಾ?", "ಇಲ್ಲ, ಹೋಯ್ತು!" ಶುರುವಾದಾಗ ನಾನಾಗಲೇ ಅನುಭವಿ.

ಐದಕ್ಕೆ ಮುಂಚೆ ಬಿಬಿಸಿಗೆ ತಿರುಗಿಸಬೇಕು. ಫುಟ್‌ಬಾಲ್ ಫಲಿತಾಂಶ. ಯಜಮಾನರು ಪೂಲ್ಸ್ ಚೀಟಿ, ಅಂದರೆ ಫುಟ್‌ಬಾಲ್ ಫಲಿತಾಂಶ ಊಹಿಸುವ ಬಾಜಿಯ ಚೀಟಿ, ಮುಂದಿಟ್ಟುಕೊಂಡು, ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದರು. ಡ್ರಾ ಆಗುವ ಎಂಟು ಪಂದ್ಯ ಸರಿಯಾಗಿ ಊಹಿಸಿದರೆ ಜೀವನಪೂರ್ತಿ ಕೆಲಸಕ್ಕೆ ಹೋಗಬೇಕಿಲ್ಲ. ಟಿವಿಯಲ್ಲಿ ಫಲಿತಾಂಶ ಓದುವವರು ಲೆನ್ ಮಾರ್ಟಿನ್. ಎರಡನೇ ತಂಡದ ಹೆಸರು ಹೇಳುವ ರಾಗದಲ್ಲೇ ಗೆಲುವೋ, ಸೋಲೋ, ಡ್ರಾನೋ ಗೊತ್ತಾಗಿಬಿಡುತ್ತಿತ್ತು. ಆಗ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ.

ಒಂದು ಶನಿವಾರ ಐದು ಡ್ರಾ ಸಾಲಾಗಿ ಸರಿಬಂತು. ಯಜಮಾನರ ಕಿವಿ ಕೆಂಪಾಯಿತು. ಲೆನ್ ಮಾರ್ಟಿನ್ ಮುಂದಿನ ತಂಡದ ಹೆಸರಿಗೆ ಬಾಯಿ ತೆಗೆದರು. ಟಕ್. ಟಿವಿ ಕತ್ತಲು.

ಇಲ್ಲಿ ಒಂದು ಮಾತು ಹೇಳಬೇಕು. ಸೆಟ್ಟು ಸ್ವಂತದ್ದಲ್ಲ, ಬಾಡಿಗೆಯದು. ಹಿಂದೆ ಒಂದು ಡಬ್ಬಿ. ಶಿಲ್ಲಿಂಗ್ (ಆಗಿನ ಬ್ರಿಟಿಷ್ ನಾಣ್ಯ, ಪೌಂಡಿಗೆ ಇಪ್ಪತ್ತು) ಹಾಕಿದಷ್ಟು ಹೊತ್ತು ಟಿವಿ. ಕರೆಂಟಿಗೂ ಶಿಲ್ಲಿಂಗ್ ಮೀಟರ್, ಚಳಿಗೆ ಹಚ್ಚುವ ಗ್ಯಾಸ್ ಒಲೆಗೂ ಶಿಲ್ಲಿಂಗ್ ಮೀಟರ್. ಆ ಎರಡೂ ಮೀಟರ್ ಇದ್ದುದು ಮೆಟ್ಟಿಲ ಕೆಳಗೆ. ಯಾವುದು ಆರಿದರೂ ಮೆಟ್ಟಿಲ ಕೆಳಗೆ ಓಡಿ ಅಭ್ಯಾಸವಾಗಿದ್ದ ಯಜಮಾನರು ಮನೆಯ ಕೊನೆಯ ಶಿಲ್ಲಿಂಗನ್ನು ಗ್ಯಾಸ್ ಮೀಟರಿಗೆ ಹಾಕಿಬಿಟ್ಟರು. ಮನೆ ಬೆಚ್ಚಗಾಯಿತು. ಟಿವಿ ತಣ್ಣಗೇ ಇತ್ತು.

ಪಕ್ಕದ ಮನೆಯಿಂದ ಸಾಲ ತಂದು ಸರಿಯಾದ ಡಬ್ಬಿಗೆ ಹಾಕಿದ್ದಾಯಿತು. ಆದರೆ ವಾಲ್ವ್ ಸೆಟ್ಟು, ಬಿಸಿಯಾಗದೆ ಬಾಯಿ ಬಿಡುವುದಿಲ್ಲ. ಮೊದಲು ಗುಂಯ್ ಶಬ್ದ, ಆಮೇಲೆ ದನಿ. ಅಷ್ಟರಲ್ಲಿ ಲೆನ್ ಮಾರ್ಟಿನ್ ಇಂಗ್ಲೆಂಡ್ ದಾಟಿ ಸ್ಕಾಟ್ಲೆಂಡಿನ ಕೌಡನ್‌ಬೀತ್ ತಲುಪಿದ್ದರು. ಭಾನುವಾರದ ಪೇಪರ್ ಬರುವವರೆಗೆ ಯಜಮಾನರು ತಾನು ಶ್ರೀಮಂತನೋ ಅಲ್ಲವೋ ತಿಳಿಯದೆ ಓಡಾಡಿದರು. ಅಲ್ಲ ಅಂತ ಪೇಪರ್ ಹೇಳಿತು.

ಸಂಜೆ ಡಾಕ್ಟರ್ ಹೂ ಅನ್ನೋ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ. ಆ ತಿಂಗಳಿಡೀ ಡಾಲೆಕ್ ಅನ್ನೋ ಯಂತ್ರದಂಥ ಖಳರ ಕಥೆ. ಹುಡುಗ ಸೋಫಾ ಹಿಂದೆ ಅಡಗಿ ಒಂದೇ ಕಣ್ಣಲ್ಲಿ ನೋಡುತ್ತಿದ್ದ. ರಾತ್ರಿ ಕೊನೆಗೆ ರಾಷ್ಟ್ರಗೀತೆ. ಆಮೇಲೆ "ಸೆಟ್ ಆರಿಸಲು ಮರೆಯಬೇಡಿ" ಅಂತ ಅನೌನ್ಸರ್ ಹೇಳಿದರೆ, ಮನೆಯೊಡತಿ "ಆಯ್ತಪ್ಪಾ, ಗುಡ್ ನೈಟ್" ಅಂದು ಆರಿಸುತ್ತಿದ್ದರು.

ಭಾನುವಾರ ಬೆಳಗ್ಗೆ ನನ್ನನ್ನು ಕೂಗಿ ಕರೆಯುವರು: "ನಿಮ್ಮವರ ಪ್ರೋಗ್ರಾಂ!" ಭಾರತ, ಪಾಕಿಸ್ತಾನದಿಂದ ಹೋದವರಿಗಾಗಿ ಬಿಬಿಸಿ 1965ರಿಂದ 'ಅಪ್ನಾ ಹೀ ಘರ್ ಸಮಝಿಯೇ' ಶುರುಮಾಡಿತ್ತು, ಹಿಂದಿ-ಉರ್ದು ಬೆರೆತ ಹಿಂದೂಸ್ತಾನಿಯಲ್ಲಿ. ಹಾಸನ ಜಿಲ್ಲೆಯ ನನಗೆ ಅರ್ಥವಾಗುತ್ತಿದ್ದುದು ಅದರಲ್ಲಿ ಬರುವ ಇಂಗ್ಲಿಷ್ ಪಾಠ ಮಾತ್ರ. "ಏನು ಹೇಳಿದ?" ಅಂತ ಮನೆಯೊಡತಿ ಕೇಳಿದರೆ ಗೊತ್ತಿಲ್ಲ ಅಂದರೂ ನಂಬುತ್ತಿರಲಿಲ್ಲ, ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಜೊತೆಗೆ ಬರುತ್ತಿದ್ದ ಹುಬ್ಬಳ್ಳಿ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕು, "ನಿಮ್ಮ ಮೈಸೂರು ಕಡೆಯವ್ರದ್ದು ಇಷ್ಟ ನೋಡ್ರಿ" ಅನ್ನುತ್ತಿದ್ದ.

ತಿಂಗಳಿಗೊಮ್ಮೆ ಬಾಡಿಗೆ ಕಂಪನಿಯವನು ಬಂದು ಡಬ್ಬಿಯನ್ನು ಊಟದ ಮೇಜಿನ ಮೇಲೆ ಸುರಿಯುತ್ತಿದ್ದ. ಬಾಡಿಗೆ ಹಿಡಿದುಕೊಂಡು ಮಿಕ್ಕ ಚಿಲ್ಲರೆ ವಾಪಸ್. ಆ ಸಲ ಎಣಿಸುತ್ತಾ ತಟ್ಟನೆ ನಿಂತ. ಒಂದು ನಾಣ್ಯ ಎತ್ತಿ ತಿರುಗಿಸಿದ. ರಾಣಿಯ ಮುಖ ಇರಬೇಕಾದ ಕಡೆ ನಮ್ಮ ಅಶೋಕ ಸ್ತಂಭದ ಸಿಂಹ. ಐವತ್ತು ಪೈಸೆ. ಎಲ್ಲರೂ ನನ್ನ ಕಡೆ ತಿರುಗಿದರು.

"ಇದರ ಬೆಲೆ ಎಷ್ಟು?" ಅಂದ. ಜೂನ್‌ನಲ್ಲಷ್ಟೇ ರೂಪಾಯಿ ಅಪಮೌಲ್ಯವಾಗಿ ಪೌಂಡಿಗೆ 21 ರೂಪಾಯಿ ಆಗಿತ್ತು. ಲೆಕ್ಕ ಹಾಕಿದರೆ ಅರ್ಧ ಶಿಲ್ಲಿಂಗೂ ಇಲ್ಲ. ಅದನ್ನು ಹೇಳುವುದೂ ಕಷ್ಟ. ಆ ನಾಣ್ಯವನ್ನು ನಾನೇ ಹುಡುಗನಿಗೆ ನೋಡಲಿಕ್ಕೆ ಅಂತ ಕೊಟ್ಟಿದ್ದೆ. ಅವನೆಲ್ಲಿ ಅಂತ ಹುಡುಕಿದರೆ, ಟಿವಿ ಆರಿದ್ದರೂ ಸೋಫಾ ಹಿಂದಿನಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

"ಪರವಾಗಿಲ್ಲ, ನಾನೇ ಕೊಡ್ತೀನಿ" ಅಂದು ಒಂದು ಶಿಲ್ಲಿಂಗ್ ತೆಗೆದಿಟ್ಟೆ. ಮುಂದಿನ ಶನಿವಾರ ಏರಿಯಲ್ ಹಿಡಿಯುವ ಕೆಲಸ ಹುಡುಗನಿಗೆ, ಕುರ್ಚಿಯ ಮೇಲೆ ನಿಂತು, ಕುಸ್ತಿ ಮುಗಿಯುವವರೆಗೆ.