ಎಕ್ಸ್‌ರೇ ಸರಿಯಿದ್ದರೂ ಉಳಿಯುವ ಮಂಡಿನೋವು

ಮಂಡಿ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದರೂ ನೋವು ಹೋಗಿಲ್ಲ ಎನ್ನುವವರ ಮಾತನ್ನು ನಮ್ಮಲ್ಲಿ ಪೂರ್ತಿಯಾಗಿ ಕೇಳಿಸಿಕೊಳ್ಳುವವರು ಕಡಿಮೆ. ವೈದ್ಯರು ಎಕ್ಸ್‌ರೇ ನೋಡಿ, "ಕೀಲು ಚೆನ್ನಾಗಿ ಕೂತಿದೆಯಮ್ಮ, ಏನೂ ತೊಂದರೆಯಿಲ್ಲ" ಎನ್ನುತ್ತಾರೆ. ಕಷ್ಟಪಟ್ಟು ಹಣ ಹೊಂದಿಸಿದ ಮಕ್ಕಳ ಮುಂದೆ ಮತ್ತೆ ನೋವಿನ ಮಾತೆತ್ತಲು ಸಂಕೋಚವಾಗುತ್ತದೆ. ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚೆನ್ನಾಗಿ ಓಡಾಡುತ್ತಿರುವ ನೆಂಟರು, "ನೀವು ವ್ಯಾಯಾಮ ಸರಿಯಾಗಿ ಮಾಡಿಲ್ಲ ಅಂತ ಕಾಣುತ್ತೆ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬಲಮಂಡಿಯ ಕೀಲು ಬದಲಾಯಿಸಿಕೊಂಡು ಈಗಲೂ ನೋವಿನೊಂದಿಗೇ ದಿನ ಕಳೆಯುತ್ತಿರುವ ನನ್ನಂಥವರು ಬಹಳ ಮಂದಿ ಇದ್ದಾರೆ. ಈ ನೋವು ನಿಜವಾದದ್ದು, ಅದರ ಕಾರಣವನ್ನು ಹುಡುಕುವ ಒಂದು ಕ್ರಮವಿದೆ, ಕಾರಣ ಸಿಗದಿದ್ದಾಗಲೂ ಮಾಡಬಹುದಾದದ್ದು ಸಾಕಷ್ಟಿದೆ ಎಂಬುದನ್ನು ಅವರಿಗೂ ಅವರ ಮನೆಯವರಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಇದನ್ನು ಓದಿ ಯಾರೂ ಶಸ್ತ್ರಚಿಕಿತ್ಸೆಗೆ ಹೆದರಬಾರದು. ಅಟಲ್ ಬಿಹಾರಿ ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ದಲ್ಲಿ ಒಂದು ಮಂಡಿಗೆ, 2001ರಲ್ಲಿ ಇನ್ನೊಂದಕ್ಕೆ ಮುಂಬೈಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಅದು ದಿನಪತ್ರಿಕೆಗಳ ಮುಖಪುಟದ ಸುದ್ದಿಯಾಗಿತ್ತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿ, ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿದ ಮೇಲೆ ನಮ್ಮಂಥ ಮಧ್ಯಮ ವರ್ಗದವರಿಗೂ ಅದು ಕೈಗೆಟುಕಿತು. ನನ್ನ ಅಕ್ಕ ಎರಡೂ ಮಂಡಿಗೆ ಮಾಡಿಸಿಕೊಂಡಿದ್ದಾಳೆ. ಬೆಳಿಗ್ಗೆ ಮಾರುಕಟ್ಟೆಗೆ ನಡೆದೇ ಹೋಗಿ ಬರುತ್ತಾಳೆ. ಹೆಚ್ಚಿನವರ ಅನುಭವ ಅವಳದ್ದೇ.

ಆದರೆ ಎಲ್ಲರದ್ದೂ ಅಲ್ಲ. ಬ್ರಿಟನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸೊಂಟದ ಕೀಲು ಬದಲಾಯಿಸಿಕೊಂಡ ನೂರು ಜನರಲ್ಲಿ ಸುಮಾರು 9 ಮಂದಿಗೆ, ಮಂಡಿ ಕೀಲು ಬದಲಾಯಿಸಿಕೊಂಡ ನೂರು ಜನರಲ್ಲಿ ಸುಮಾರು 20 ಮಂದಿಗೆ ದೀರ್ಘಕಾಲದವರೆಗೆ ಗಣನೀಯ ನೋವು ಉಳಿದಿತ್ತು. 2022ರಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ, ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳು ದಾಟಿದರೂ ಮುಂದುವರಿಯುವ ನೋವಿಗೆ ಪ್ರತ್ಯೇಕ ಸ್ಥಾನವಿದೆ. ನಾನು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಸೋಂಕು, ರಕ್ತ ಹೆಪ್ಪುಗಟ್ಟುವುದು, ಅರಿವಳಿಕೆಯ ಅಪಾಯ ಎಲ್ಲವೂ ಇದ್ದವು. ಐವರಲ್ಲಿ ಒಬ್ಬರಿಗೆ ಆಗಬಹುದಾದ ಈ ಸಂಗತಿ ಮಾತ್ರ ಪತ್ರದಲ್ಲೂ ಇರಲಿಲ್ಲ, ಯಾರ ಬಾಯಿಂದಲೂ ಬರಲಿಲ್ಲ. ತಿಳಿದಿದ್ದರೂ ನಾನು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದೆ. ಆದರೆ ಆಮೇಲಿನ ತಿಂಗಳುಗಳಲ್ಲಿ ಇದು ನನ್ನೊಬ್ಬಳಿಗೇ ಬಂದ ವಿಚಿತ್ರ ಕಷ್ಟ ಎಂದು ಕೊರಗುವುದು ತಪ್ಪುತ್ತಿತ್ತು.

ಮೊದಲ ಕೆಲವು ತಿಂಗಳು ಮಂಡಿ ಬಿಸಿಯಾಗಿರುವುದು, ಸಂಜೆ ಊದಿಕೊಳ್ಳುವುದು ಸಹಜ. ವರ್ಷದವರೆಗೂ ಸುಧಾರಣೆ ಮುಂದುವರಿಯುತ್ತದೆ. ಗಾಯದ ಹೊರಬದಿಯ ಚರ್ಮ ಮರಗಟ್ಟಿದಂತಾಗುವುದೂ ಸಾಮಾನ್ಯ, ಏಕೆಂದರೆ ಮಂಡಿಯ ಮುಂಭಾಗದಲ್ಲಿ ಕೊಯ್ಯುವಾಗ ಅಲ್ಲಿ ಅಡ್ಡಲಾಗಿ ಹಾಯುವ ಸಣ್ಣ ನರದ ಎಳೆಗಳು ತುಂಡಾಗುತ್ತವೆ. ನನ್ನ ನೋವು ಇವೆರಡಕ್ಕೂ ಸೇರಿರಲಿಲ್ಲ. ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು, ರಾತ್ರಿ ಮಲಗಿದ ಮೇಲೆ ಉರಿಯುತ್ತಿತ್ತು, ಸೀರೆಯ ನೆರಿಗೆ ತಾಗಿದರೂ ಸಹಿಸಲಾಗುತ್ತಿರಲಿಲ್ಲ. ಹೀಗೆ ಬಿಡಿಸಿ ಹೇಳುವುದು ಮುಖ್ಯವೆಂದು ನನಗೆ ಆಮೇಲೆ ತಿಳಿಯಿತು. ಬರೀ "ನೋವು" ಎಂದರೆ ವೈದ್ಯರಿಗೆ ದಾರಿ ಕಾಣುವುದಿಲ್ಲ.

ಹುಡುಕಾಟದಲ್ಲಿ ಮೊದಲು ಬರಬೇಕಾದದ್ದು ಸೋಂಕು. ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳು, ಅನುಮಾನವಿದ್ದರೆ ಕೀಲಿನಿಂದ ಸೂಜಿಯ ಮೂಲಕ ನೀರು ತೆಗೆದು ಮಾಡುವ ಪರೀಕ್ಷೆ ಅದಕ್ಕಾಗಿ ಇವೆ. ಈ ಪರೀಕ್ಷೆಗೆ ಮೊದಲೇ ಯಾರೋ ಬರೆದುಕೊಟ್ಟ ಆಂಟಿಬಯೋಟಿಕ್ ನುಂಗಿದರೆ ಸೂಕ್ಷ್ಮಜೀವಿ ಪರೀಕ್ಷೆಯಲ್ಲಿ ಪತ್ತೆಯಾಗದೆ ಹೋಗಬಹುದು, ಸೋಂಕು ಮಾತ್ರ ಒಳಗೇ ಉಳಿಯಬಹುದು. ಆಮೇಲೆ ಕೀಲು ಸಡಿಲವಾಗಿದೆಯೇ, ನಡೆಯುವಾಗ ವಾಲುತ್ತಿದೆಯೇ, ಮಂಡಿಚಿಪ್ಪು ತನ್ನ ಜಾಗದಲ್ಲಿ ಸರಿಯಾಗಿ ಜಾರುತ್ತಿದೆಯೇ ಎಂದು ನೋಡಬೇಕು. ಕೃತಕ ಭಾಗ ತಿರುಚಿಕೊಂಡು ಕೂತಿದ್ದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಗೊತ್ತಾಗದಿರಬಹುದು, ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಸವೆದ ಸೊಂಟದ ಕೀಲು ಮಂಡಿಯಲ್ಲಿ ನೋವಾಗಿ ಕಾಣಿಸಿಕೊಳ್ಳುವುದುಂಟು. ಬೆನ್ನುಹುರಿಯಿಂದ ಹೊರಡುವ ನರ ಒತ್ತಿಕೊಂಡಿದ್ದರೂ ಹಾಗೆಯೇ. ಆದ್ದರಿಂದ ಮಂಡಿಯೊಂದನ್ನೇ ಮುಟ್ಟಿನೋಡಿ ಕಳುಹಿಸುವುದು ಪೂರ್ಣ ತಪಾಸಣೆಯಲ್ಲ. ಜ್ವರ ಬಂದರೆ, ಗಾಯ ಕೆಂಪಾಗಿ ಒಸರಿದರೆ, ಮೀನಖಂಡ ಊದಿದರೆ, ಇದ್ದಕ್ಕಿದ್ದಂತೆ ಕಾಲೂರಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನನ್ನ ವಿಷಯದಲ್ಲಿ ಇವೆಲ್ಲ ಮುಗಿದ ಮೇಲೂ ಕೀಲಿನಲ್ಲಿ ದೋಷ ಕಾಣಲಿಲ್ಲ. ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಮಾಡಿ ಕೀಲು ಬದಲಿಸಿಬಿಡೋಣ ಎನ್ನುವ ಸಲಹೆಯೂ ಒಬ್ಬರಿಂದ ಬಂತು. ಕಾರಣ ಗೊತ್ತಾಗದೆ ಮಾಡುವ ಎರಡನೆಯ ಶಸ್ತ್ರಚಿಕಿತ್ಸೆಯಿಂದ ನೋವು ಕಡಿಮೆಯಾಗುವ ಸಾಧ್ಯತೆ ಕಡಿಮೆ ಎಂಬುದು ಮೂಳೆತಜ್ಞರ ವಲಯದಲ್ಲೇ ಒಪ್ಪಿತವಾದ ಮಾತು. ಇಂಥ ಸಲಹೆ ಬಂದಾಗ, ಯಾವ ದೋಷವನ್ನು ಸರಿಪಡಿಸಲು ಎಂದು ಕೇಳಿ, ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆ ತಜ್ಞರ ಅಭಿಪ್ರಾಯ ಪಡೆಯಲೇಬೇಕು.

ಕೀಲಿನಲ್ಲಿ ದೋಷವಿಲ್ಲದಿದ್ದರೆ ನೋವು ಎಲ್ಲಿಂದ ಬರುತ್ತದೆ? ಶಸ್ತ್ರಚಿಕಿತ್ಸೆಗೆ ಮೊದಲು ಎಷ್ಟೋ ವರ್ಷ ನೋವು ಅನುಭವಿಸಿದವರಲ್ಲಿ ಬೆನ್ನುಹುರಿ ಮತ್ತು ಮೆದುಳಿನ ನರವ್ಯವಸ್ಥೆ ಅತಿಸೂಕ್ಷ್ಮವಾಗಿ, ಸಣ್ಣ ಸಂವೇದನೆಯನ್ನೂ ದೊಡ್ಡ ನೋವಾಗಿ ಗ್ರಹಿಸತೊಡಗುತ್ತದೆ. ಸವೆದ ಕೀಲನ್ನು ತೆಗೆದ ಮೇಲೂ ಆ ಸೂಕ್ಷ್ಮತೆ ಇಳಿಯದೆ ಇರಬಹುದು. ಮೊದಲೇ ತೀವ್ರ ನೋವಿದ್ದವರಿಗೆ, ದೇಹದ ಬೇರೆ ಕಡೆಯೂ ನೋವಿರುವವರಿಗೆ, ನಿದ್ದೆಗೆಟ್ಟವರಿಗೆ, ಆತಂಕದಿಂದ ಬಳಲುವವರಿಗೆ ಹೀಗಾಗುವ ಸಂಭವ ಹೆಚ್ಚು. ಈ ವಿವರಣೆಯ ಕೊನೆಯ ಅರ್ಧವನ್ನಷ್ಟೇ ಹಿಡಿದುಕೊಂಡು "ಇದೆಲ್ಲ ನಿಮ್ಮ ಮನಸ್ಸಿನದ್ದು" ಎಂದು ಹೇಳಿಬಿಡುವ ಅಭ್ಯಾಸ ನನಗೆ ಅತ್ಯಂತ ನೋವು ಕೊಟ್ಟಿದೆ. ನರಗಳಲ್ಲಿ ಆಗುವ ಬದಲಾವಣೆ ದೇಹದ ಬದಲಾವಣೆಯೇ. ನಮ್ಮ ದೇಶದಲ್ಲಿ ಮಂಡಿ ಬದಲಾಯಿಸಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು. ಹೆಂಗಸರ ದೂರನ್ನು ಸ್ವಭಾವವೆಂದು ತಳ್ಳಿಹಾಕುವುದು ಎಷ್ಟು ಸುಲಭವಾಗಿದೆ ಎಂಬುದನ್ನು ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕೂತು ನೋಡಿದ್ದೇನೆ.

ನನಗೆ ದಾರಿ ತೋರಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗ. ಇಂಥ ವಿಭಾಗಗಳನ್ನು ಸಾಮಾನ್ಯವಾಗಿ ಅರಿವಳಿಕೆ ತಜ್ಞರು ನಡೆಸುತ್ತಾರೆಂಬುದೇ ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಅಲ್ಲಿ ಕೊಟ್ಟ ಡುಲೊಕ್ಸೆಟಿನ್ ಮಾತ್ರೆಯನ್ನು ಔಷಧಿ ಅಂಗಡಿಯಲ್ಲಿ ನೋಡಿ ಮಗ ಗಾಬರಿಯಾದ, ಖಿನ್ನತೆಗೆ ಕೊಡುವ ಮಾತ್ರೆಯಲ್ಲವೇ ಎಂದು. ಹೌದು, ಆದರೆ ದೀರ್ಘಕಾಲದ ನೋವಿಗೂ ಅದೇ ಔಷಧ ಕೆಲಸ ಮಾಡುತ್ತದೆ. ನರದ ನೋವಿಗೆ ಕೊಡುವ ಪ್ರಿಗಾಬಲಿನ್‌ನಂಥ ಮಾತ್ರೆಗಳು ಕೆಲವರಿಗೆ ಒಗ್ಗುತ್ತವೆ, ಆದರೆ ವಯಸ್ಸಾದವರಿಗೆ ತಲೆಸುತ್ತು ಬಂದು ಬೀಳುವ ಭಯವಿದೆ. ಮಂಡಿಯ ಸುತ್ತಲಿನ ಸಣ್ಣ ನರಗಳನ್ನು ಸೂಜಿಯ ಮೂಲಕ ಕಾಯಿಸಿ ನೋವಿನ ಸಂದೇಶವನ್ನು ತಡೆಯುವ ರೇಡಿಯೋ ಫ್ರೀಕ್ವೆನ್ಸಿ ಚಿಕಿತ್ಸೆಯೂ ಇದೆ. ನನಗೆ ಅದರ ಅಗತ್ಯ ಬರಲಿಲ್ಲ. ಅಂಗಡಿಯಿಂದ ತಂದು ದಿನವೂ ನುಂಗುವ ಡೈಕ್ಲೋಫಿನ್ಯಾಕ್ ಮಾತ್ರೆಯನ್ನು, ಅದರಲ್ಲೂ ಬಿಪಿ, ಸಕ್ಕರೆ ಕಾಯಿಲೆ ಇರುವವರು, ದಯವಿಟ್ಟು ನಿಲ್ಲಿಸಿ ವೈದ್ಯರನ್ನು ಕಾಣಿ. ಮೂತ್ರಪಿಂಡ ಕೆಟ್ಟಮೇಲೆ ಮಂಡಿಯ ಚಿಂತೆ ಎರಡನೆಯದಾಗುತ್ತದೆ.

ಮಾತ್ರೆಗಿಂತ ಹೆಚ್ಚು ಬದಲಾವಣೆ ತಂದದ್ದು ದಿನವನ್ನು ಹಂಚಿಕೊಳ್ಳುವ ರೀತಿ. ನೋವು ಕಡಿಮೆಯಿದ್ದ ದಿನ ಬಟ್ಟೆ ಒಗೆದು, ಮನೆ ಗುಡಿಸಿ, ಹಪ್ಪಳದ ಹಿಟ್ಟು ಕಲಸಿ, ಮರುದಿನ ಏಳಲಾಗದೆ ಮಲಗುವುದು ನಮ್ಮ ಹೆಂಗಸರ ರೂಢಿ. ಫಿಸಿಯೋಥೆರಪಿಸ್ಟ್ ಹೇಳಿದ್ದು ಇದರ ವಿರುದ್ಧದ ಮಾತು: ನೋವು ಹೆಚ್ಚಲಿ, ಕಡಿಮೆಯಿರಲಿ, ಗೊತ್ತುಮಾಡಿಕೊಂಡಷ್ಟೇ ಕೆಲಸ, ಗೊತ್ತುಮಾಡಿಕೊಂಡಷ್ಟೇ ನಡಿಗೆ, ವಾರವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಳ. ತುಮಕೂರಿನ ಅಮಾನಿಕೆರೆ ಉದ್ಯಾನದಲ್ಲಿ ಬೆಂಚಿನಿಂದ ಬೆಂಚಿಗೆ ಲೆಕ್ಕಹಾಕಿ ನಡೆಯುತ್ತೇನೆ. ಅಡುಗೆಮನೆಯಲ್ಲಿ ಎತ್ತರದ ಸ್ಟೂಲ್ ಇದೆ. ಮದುವೆಮನೆಯ ನೆಲದ ಪಂಕ್ತಿಯಲ್ಲಿ ಕೂರುವುದಿಲ್ಲ, ಪೂಜೆಗೆ ಕುರ್ಚಿಯಲ್ಲೇ ಕೂರುತ್ತೇನೆ. ಮಂಡಿಯೂರಿ ನಮಸ್ಕಾರ ಮಾಡಲಾಗದ ದುಃಖ ಇನ್ನೂ ಇದೆ, ಅದನ್ನು ಮರೆಮಾಚುವುದಿಲ್ಲ. ನೋವು ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ, ಹಗಲಿನಲ್ಲಿ ನೋವನ್ನು ಬಿಟ್ಟು ಬೇರೆ ವಿಷಯ ಯೋಚಿಸಲು ಸಾಧ್ಯವಾಗಿದೆ.

ಬ್ರಿಟನ್ನಿನ ಕೆಲವು ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಫಲಿತಾಂಶ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಂಡಿ ಬದಲಾವಣೆಯಾಗಿ ಮೂರು ತಿಂಗಳಾದಾಗ ನೋವು ಉಳಿದಿದ್ದವರನ್ನು ಗುರುತಿಸಿ, ಅವರಲ್ಲಿ ಒಂದು ಗುಂಪಿನವರನ್ನು ತರಬೇತಿ ಪಡೆದ ಒಬ್ಬರು ಕೂತು ವಿವರವಾಗಿ ಪರೀಕ್ಷಿಸಿ, ಕಾರಣಕ್ಕೆ ತಕ್ಕ ತಜ್ಞರ ಬಳಿ ಕಳುಹಿಸಿ, ಮುಂದೆಯೂ ಫೋನ್ ಮಾಡಿ ವಿಚಾರಿಸುತ್ತಿದ್ದರು. ವರ್ಷದ ಕೊನೆಗೆ ಅವರ ನೋವು ಎಂದಿನ ಆರೈಕೆಯಷ್ಟೇ ಸಿಕ್ಕ ಇನ್ನೊಂದು ಗುಂಪಿನವರಿಗಿಂತ ಕಡಿಮೆಯಿತ್ತು. ವ್ಯತ್ಯಾಸ ದೊಡ್ಡದೇನಲ್ಲ, ಆದರೆ ಅದಕ್ಕೆ ಹೊಸ ಔಷಧವಾಗಲಿ ಯಂತ್ರವಾಗಲಿ ಬೇಕಾಗಲಿಲ್ಲ. ಕೀಲು ಬದಲಾವಣೆ ಮಾಡುವ ನಮ್ಮ ರಾಜ್ಯದ ಪ್ರತಿ ಆಸ್ಪತ್ರೆಯೂ ಮೂರನೆಯ ತಿಂಗಳಿಗೆ ಇಂಥದೊಂದು ವಿಚಾರಣೆಯನ್ನು ಕಡ್ಡಾಯವಾಗಿ ಮಾಡಬೇಕೆಂಬುದು ನನ್ನ ಒತ್ತಾಯ; ಒಪ್ಪಿಗೆ ಪತ್ರದಲ್ಲಿ ಉಳಿಯಬಹುದಾದ ನೋವಿನ ಬಗ್ಗೆ ಕನ್ನಡದಲ್ಲಿ ಎರಡು ಸಾಲು ಸೇರಿಸಬೇಕೆಂಬುದೂ ಹೌದು. ಜಿಲ್ಲಾ ಕೇಂದ್ರಗಳಲ್ಲಿ, ಮುಖ್ಯವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ, ನೋವು ಚಿಕಿತ್ಸಾ ವಿಭಾಗ ಎಲ್ಲೆಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂಬುದು ಗೊತ್ತಿರುವವರು ಇಲ್ಲಿ ಬರೆಯಿರಿ. ಬೆಂಗಳೂರಿನವರೆಗೆ ಬರಲಾಗದೆ ನನ್ನನ್ನು ವಿಚಾರಿಸುತ್ತಿರುವ ತಾಲ್ಲೂಕಿನ ಹೆಂಗಸರಿಗೆ ತಲುಪಿಸುತ್ತೇನೆ.