‘ಹೋಗಿದ್ದೆ’ ಅಂದರೆ ಮುಂದೇನು ಅಂತ ಕಾಯುವವರು

ಸೋಮವಾರ ಬೆಳಿಗ್ಗೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಟೀ ಮಾಡಿಕೊಳ್ಳುವಾಗ ಎಲ್ಲರೂ ವೀಕೆಂಡ್ ಸುದ್ದಿ ಹೇಳುತ್ತಾರೆ. ದಾವಣಗೆರೆ ಕಡೆಯಿಂದ ಹೊಸದಾಗಿ ಬಂದಿರುವ ಹುಡುಗನೊಬ್ಬ ಇದ್ದಾನೆ, ಒಳ್ಳೇ ಚುರುಕು. ‘ಐ ಹ್ಯಾಡ್ ಗಾನ್ ಟು ಯಾರ್ಕ್ ಆನ್ ಸ್ಯಾಟರ್ಡೇ’ ಅಂದ. ಎದುರಿಗಿದ್ದ ಇಂಗ್ಲಿಷ್ ಹೆಂಗಸು ಕಪ್ ಹಿಡಿದುಕೊಂಡು ಹಾಗೇ ನಿಂತರು. ಮುಂದೆ ಏನೋ ಬರುತ್ತದೆ ಅಂತ ಅವರು ಕಾಯುತ್ತಿದ್ದಾರೆ, ಇವನು ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದಾನೆ. ಕೊನೆಗೆ ಅವರೇ ‘ಆ್ಯಂಡ್?’ ಅಂದರು. ಹುಡುಗ ಪೆಚ್ಚಾದ. ಆಮೇಲೆ ಇನ್ನೊಬ್ಬ ಸಹೋದ್ಯೋಗಿ ನನ್ನ ಹತ್ತಿರ ಬಂದು, ನಿಮ್ಮ ಕಡೆಯವರು ಮಾತು ಶುರು ಮಾಡಿ ಅರ್ಧಕ್ಕೇ ಯಾಕೆ ಬಿಡುತ್ತಾರೆ ಅಂತ ಕೇಳಿದ. ಬೇಕು ಅಂತ ಚುಚ್ಚಿದ್ದಲ್ಲ, ಆದರೂ ಚುಚ್ಚಿತು.

ಇಲ್ಲಿನವರ ಕಿವಿಗೆ ‘ಹ್ಯಾಡ್ ಗಾನ್’ ಬಿತ್ತು ಅಂದರೆ, ಕಳೆದುಹೋದ ಇನ್ನೊಂದು ಸಂಗತಿ ಪಕ್ಕದಲ್ಲೇ ಇದೆ, ಇದು ಅದಕ್ಕೂ ಮೊದಲೇ ನಡೆದದ್ದು ಅಂತ ಅರ್ಥ. ನಾನು ಯಾರ್ಕ್‌ಗೆ ಹೋಗಿದ್ದಾಗ ಮನೆಗೆ ಕಳ್ಳ ನುಗ್ಗಿದ, ಇಲ್ಲಾ ಅಷ್ಟರಲ್ಲಿ ಅತ್ತೆ ಬಂದು ಬಾಗಿಲು ತಟ್ಟಿದರು, ಹೀಗೆ ಏನೋ ಒಂದು ಬರಬೇಕು. ಸುಮ್ನೆ ಹೋಗಿ ಬಂದದ್ದಾದರೆ ‘ಐ ವೆಂಟ್’ ಸಾಕು. ನಮ್ಮವರು ಮಾತ್ರ ‘ಹೋಗಿದ್ದೆ’ಯನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಡುತ್ತಾರೆ. ನಮ್ಮೊಬ್ಬರ ಕಥೆ ಅಲ್ಲ ಇದು. ಹಿಂದಿಯವರಿಗೆ ‘ಗಯಾ ಥಾ’, ಮರಾಠಿಯವರಿಗೆ ‘ಗೇಲೋ ಹೋತೋ’, ತಮಿಳರಿಗೆ ‘ಪೋಯಿರುಂದೇನ್’. ಎಲ್ಲರೂ ಇಲ್ಲಿಗೆ ಬಂದು ‘ಹ್ಯಾಡ್ ಗಾನ್’ ಅನ್ನುತ್ತಾರೆ.

ಟೀ ಹೊತ್ತಿನ ಮಾತಿಗೆ ಇದರಿಂದ ಏನೂ ಹಾಳಾಗುವುದಿಲ್ಲ. ಬರವಣಿಗೆಯಲ್ಲಿ ಬಂದಾಗ ತೊಂದರೆ. ನನಗೆ ಗೊತ್ತಿರುವ ಹುಡುಗಿಯೊಬ್ಬಳು ‘ಐ ಹ್ಯಾಡ್ ಅಪ್ಲೈಡ್ ಫಾರ್ ಲೀವ್’ ಅಂತ ಮೇಲ್ ಕಳಿಸಿದಳು, ರಜೆ ಹಾಕಿದ್ದೇನೆ ಅನ್ನುವ ಅರ್ಥದಲ್ಲಿ. ಓದಿದ ಮ್ಯಾನೇಜರ್, ರಜೆ ಕೇಳಿದ್ದಳು, ಈಗ ಬೇಡ ಅನ್ನುತ್ತಿದ್ದಾಳೆ ಅಂದುಕೊಂಡು ಆ ವಾರ ಅವಳನ್ನೇ ಶಿಫ್ಟ್‌ಗೆ ಹಾಕಿದರು. ಊರಿನ ಟಿಕೆಟ್ ಆಗಲೇ ಬುಕ್ ಆಗಿತ್ತು. ಎರಡು ದಿನ ಅವಳಿಗೆ ನಿದ್ದೆ ಇಲ್ಲ.

ಇಂಗ್ಲಿಷರು ಈ ರೂಪವನ್ನು ಎಷ್ಟು ಕಡಿಮೆ, ಆದರೆ ಎಷ್ಟು ಹದವಾಗಿ ಬಳಸುತ್ತಾರೆ ಅಂತ ಗಮನಿಸಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ. ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಬೆಳಿಗ್ಗೆ ಬ್ರೆಡ್‌ಗೆ ನಿಂತಿದ್ದೆ. ವಯಸ್ಸಾದವರೊಬ್ಬರು, ಕೈಯಲ್ಲಿ ಊರುಗೋಲು, ನೇರವಾಗಿ ಕೌಂಟರ್‌ಗೆ ಹೋಗಿ ನಿಂತರು. ನಾನು ಕೆಮ್ಮಲೂ ಇಲ್ಲ. ಅವರೇ ತಿರುಗಿ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ‘ಓ ಸಾರಿ, ಐ ಹ್ಯಾಡಂಟ್ ರಿಯಲೈಸ್ಡ್ ಯೂ ವರ್ ವೇಟಿಂಗ್’ ಅಂದರು. ಇಷ್ಟು ಹೊತ್ತು ಗೊತ್ತಿರಲಿಲ್ಲ, ಈಗ ನಿಮ್ಮನ್ನು ನೋಡಿದೆ, ಜಾಗ ನಿಮ್ಮದೇ ಅನ್ನುವುದೆಲ್ಲ ಆ ಒಂದು ‘ಹ್ಯಾಡಂಟ್’ ಒಳಗೆ ಇತ್ತು. ಮರೆತ ವಿಷಯವನ್ನು ನೆನಪಿಸಿದರೂ ಹಾಗೇ, ‘ಓ, ಐಡ್ ಫರ್ಗಾಟನ್’ ಅನ್ನುತ್ತಾರೆ. ನೀವು ಹೇಳುವ ತನಕ ಮರೆತಿತ್ತು, ಈಗ ನೆನಪಾಯ್ತು ಅಂತ. ಕೊರಗುವಾಗ ‘ಇಫ್ ಐಡ್ ನೋನ್’. ಇವೆರಡರಲ್ಲೂ ‘ಹ್ಯಾಡ್’ ಪೂರ್ತಿ ಕೇಳಿಸುವುದೇ ಇಲ್ಲ. ಸಣ್ಣದೊಂದು ‘ಡ್’ ನಾಲಿಗೆಗೆ ತಾಗಿ ಹೋಗುತ್ತದೆ, ಹೊಸಬರ ಕಿವಿಗೆ ಅದು ಬೀಳುವುದೂ ಕಷ್ಟ.

ಪಕ್ಕದ ಮನೆಯಾಕೆ ಏನಾದರೂ ಕಥೆ ಹೇಳುವಾಗಲೂ ನೋಡುತ್ತೇನೆ. ಹಿಂದಿನದನ್ನು ಹೇಳಬೇಕಾದಾಗ ಒಂದೋ ಎರಡೋ ಸಲ ‘ಹ್ಯಾಡ್’ ಹಾಕಿ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೆ ಹೋದ ಮೇಲೆ ಬಿಟ್ಟುಬಿಡುತ್ತಾರೆ, ಉಳಿದದ್ದೆಲ್ಲ ಮಾಮೂಲಿ ‘ವೆಂಟ್’, ‘ಸೆಡ್’, ‘ಟುಕ್’. ಕೇಳುವವರು ದಾರಿ ತಪ್ಪುವುದಿಲ್ಲ.

ನಮ್ಮ ಸ್ಕೂಲಿನಲ್ಲಿ ಕಲಿಸಿದ್ದೇನು ಹೇಳಿ? ಡಾಕ್ಟರ್ ಬರುವ ಮೊದಲೇ ರೋಗಿ ಸತ್ತಿದ್ದ. ನಾವು ಸ್ಟೇಷನ್ ಮುಟ್ಟುವ ಮೊದಲೇ ರೈಲು ಹೊರಟಿತ್ತು. ಬೋರ್ಡಿನ ಮೇಲೆ ‘ಹ್ಯಾಡ್ ಪ್ಲಸ್ ವಿ ತ್ರೀ’, ಅಂದರೆ ‘ಹ್ಯಾಡ್’ ಜೊತೆ ಕ್ರಿಯಾಪದದ ಮೂರನೇ ರೂಪ, ಅಂತ ಬರೆದು ಸುತ್ತ ಚೌಕ ಹಾಕಿದರೆ ಪಾಠ ಮುಗಿಯಿತು. ‘ಬಿಫೋರ್’ ಇದ್ದ ಕಡೆ ‘ಹ್ಯಾಡ್’ ಹಾಕದಿದ್ದರೆ ಅರ್ಧ ಮಾರ್ಕು ಕಟ್. ಇಲ್ಲಿನವರು ಅಂಥ ಕಡೆ ಎಷ್ಟೋ ಸಲ ಅದನ್ನು ಬಿಟ್ಟೇಬಿಡುತ್ತಾರೆ, ‘ದ ಟ್ರೇನ್ ಲೆಫ್ಟ್ ಬಿಫೋರ್ ವೀ ಗಾಟ್ ದೇರ್’. ಯಾವುದು ಮೊದಲು ಅಂತ ‘ಬಿಫೋರ್’ ಹೇಳಿದ ಮೇಲೆ ಇನ್ನೊಂದು ಸಲ ಯಾಕೆ ಹೇಳಬೇಕು? ‘ಬೈ ದ ಟೈಮ್’ ಅಂತ ಶುರುವಾದರೆ ಮಾತ್ರ ‘ಹ್ಯಾಡ್ ಲೆಫ್ಟ್’ ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ತೊಂಬತ್ತು ತೆಗೆದ ಮಕ್ಕಳು ಇಲ್ಲಿ ಬಂದು ಶನಿವಾರ ಏನು ಮಾಡಿದೆ ಅಂತ ಹೇಳಲು ತಡವರಿಸುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮಕ್ಕಳ ಮೇಲಲ್ಲ.

ಕನ್ನಡದ್ದೂ ಇದೇ ಪಾಡು. ‘ಹೋದೆ’ಗೂ ‘ಹೋಗಿದ್ದೆ’ಗೂ ಏನು ಫರಕು ಅಂತ ನಮಗೆ ಯಾವ ಕ್ಲಾಸಿನಲ್ಲಿ ಹೇಳಿಕೊಟ್ಟರು? ಕನ್ನಡದ ವ್ಯಾಕರಣವನ್ನು ಕನ್ನಡದೊಳಗಿಂದಲೇ ನೋಡಬೇಕು ಅಂತ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದರು. ಅದು ನಮ್ಮ ಮೇಷ್ಟರ ಬೋರ್ಡಿನ ತನಕ ಬರಲೇ ಇಲ್ಲ. ನನಗೆ ಆ ಫರಕು ಹೊಳೆದದ್ದು ಇಲ್ಲೇ ಬೆಳೆದ ನನ್ನ ಮಗಳು ಅಜ್ಜಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುವಾಗ. ‘ನಿನ್ನೆ ಎಲ್ಲಿದ್ಯೇ ಪುಟ್ಟಿ, ಕಾಲ್‌ಗೆ ಸಿಗಲೇ ಇಲ್ಲ?’ ಅಂತ ನಮ್ಮಮ್ಮ ಕೇಳಿದರು. ‘ಪಾರ್ಕಿಗೆ ಹೋದೆ ಅಜ್ಜಿ’ ಅಂದಳು. ಅಮ್ಮ ‘ಹ್ಞೂಂ, ಹೋಗಿ?’ ಅಂತ ಕಾಯುತ್ತಾ ಕೂತರು. ಮಗಳ ಮಾತು ಮುಗಿದಿತ್ತು. ಅಲ್ಲಿ ಅಮ್ಮನಿಗೆ ಬೇಕಾಗಿದ್ದದ್ದು ‘ಹೋಗಿದ್ದೆ’. ಹೋಗಿ ಬಂದಾಯ್ತು, ಈಗ ಮನೆಯಲ್ಲಿದ್ದೇನೆ, ವಿಷಯ ಮುಗಿಯಿತು ಅನ್ನುವುದನ್ನೆಲ್ಲ ನಮ್ಮ ‘ಇದ್ದೆ’ ಹೇಳುತ್ತದೆ. ಬರೀ ‘ಹೋದೆ’ ಅಂದರೆ ಕಥೆ ಈಗಷ್ಟೇ ಶುರುವಾಯ್ತು ಅನಿಸುತ್ತದೆ, ಅಲ್ವಾ? ಇಂಗ್ಲಿಷಿನವರು ‘ಹ್ಯಾಡ್’ ಕೇಳಿ ಕಾಯುತ್ತಾರೆ, ನಾವು ‘ಹೋದೆ’ ಕೇಳಿ ಕಾಯುತ್ತೇವೆ.

ಹಾಗಾಗಿ ದಾವಣಗೆರೆಯ ಹುಡುಗನಿಗೆ ಕಾಲದ ಅರಿವಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹೋಗಿ ಬಂದಾಯ್ತು ಅಂತ ಅವನು ಪಕ್ಕಾ ಹೇಳಿದ್ದ, ಕನ್ನಡದ ಲೆಕ್ಕದಲ್ಲಿ. ಇಂಗ್ಲಿಷ್ ಮಾತಾಡುವವರೆಲ್ಲ ಒಂದೇ ಥರ ಅಂತಲೂ ಇಲ್ಲ ಬಿಡಿ. ಅಮೆರಿಕದಲ್ಲಿ ಹುಟ್ಟಿ ಬೆಳೆದವರೇ ‘ಇಫ್ ಐ ವುಡ್ ಹ್ಯಾವ್ ನೋನ್’ ಅನ್ನುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ, ಇಲ್ಲಿನವರು ಅದಕ್ಕೆ ಮೂಗು ಮುರಿಯುತ್ತಾರೆ. ನಮ್ಮ ಮೇಷ್ಟರುಗಳನ್ನೂ ಪೂರ್ತಿ ದೂರುವ ಹಾಗಿಲ್ಲ. ಇಂಗ್ಲಿಷರೊಬ್ಬರು ಮಾತಾಡುವುದನ್ನು ಎದುರಿಗೆ ಕೂತು ಕೇಳುವ ಅವಕಾಶ ಅವರಲ್ಲಿ ಎಷ್ಟು ಜನಕ್ಕೆ ಸಿಕ್ಕಿತ್ತು? ಅಷ್ಟರಲ್ಲೇ ಅವರು ಕಲಿಸಿದ್ದು ನಮ್ಮನ್ನು ಇಲ್ಲಿಯವರೆಗೆ ತಂದಿದೆ. ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ‘ಐ ಹ್ಯಾಡ್ ಗಾನ್ ಟು ಮೈಸೂರ್’ ಅಂದರೆ ಯಾರಿಗೂ ಏನೂ ತಪ್ಪಾಗಿ ಕೇಳಿಸುವುದಿಲ್ಲ, ಅಲ್ಲಿ ತಿದ್ದುವ ಗೋಜೂ ಬೇಡ. ಇಲ್ಲಿಗೆ ಬರುವ ಹುಡುಗರು ಮಾತ್ರ ರಜೆಯ ಮೇಲ್ ಕಳಿಸುವ ಮುಂಚೆ ಆ ‘ಹ್ಯಾಡ್’ ಒಂದನ್ನು ತೆಗೆದು ಕಳಿಸಲಿ.